ಚೆಂಡಿಗಿಲ್ಲದ ಮೈಲಿಗೆ ಬಟ್ಟಲಿಗೇಕೆ?
ಕ್ರಿಕೆಟ್ ಪಟು ಪಲ್ವಂಕರ್ ಬಾಲೂರವರ ಜೀವನ

ಸುಮಾರು ನೂರಮೂವತ್ತು ವರ್ಷಗಳ ಹಿಂದಿನ ಮಾತು. ಪುಣೆಯ ಮೈದಾನವೊಂದರಲ್ಲಿ ಕ್ರಿಕೆಟ್ ಪಂದ್ಯ ನಡೆಯುತ್ತಿದೆ. ಎಡಗೈಯಲ್ಲಿ ನಿಧಾನವಾಗಿ ಚೆಂಡು ಹಾಕುವ ತರುಣನೊಬ್ಬ ಎದುರಾಳಿಗಳನ್ನು ಒಬ್ಬರ ಹಿಂದೊಬ್ಬರಂತೆ ಹೊರಗೆ ಕಳಿಸುತ್ತಿದ್ದಾನೆ. ಅವನ ಕೈಯಿಂದ ಹೊರಟ ಚೆಂಡು ಕೀಪರನ ಕೈಗೆ, ಅಲ್ಲಿಂದ ಮತ್ತೊಬ್ಬನ ಕೈಗೆ, ಹೀಗೆ ಹತ್ತು ಮಂದಿಯ ಕೈ ದಾಟಿ ಮತ್ತೆ ಅವನ ಕೈಗೇ ಬರುತ್ತದೆ. ಆ ಚೆಂಡನ್ನು ಮುಟ್ಟಲು ಯಾರೂ ಹಿಂಜರಿಯುವುದಿಲ್ಲ.

ಅಷ್ಟರಲ್ಲಿ ಚಹಾದ ವಿರಾಮ. ಹತ್ತು ಮಂದಿ ಒಳಗೆ ಹೋಗಿ ಬಿಳಿ ಪಿಂಗಾಣಿ ಬಟ್ಟಲುಗಳಲ್ಲಿ ಚಹಾ ಕುಡಿಯುತ್ತಾರೆ. ಆ ತರುಣ ಮಾತ್ರ ಹೊರಗೇ ನಿಲ್ಲುತ್ತಾನೆ. ಅವನಿಗೆ ಮಣ್ಣಿನ ಕುಡಿಕೆಯಲ್ಲಿ ಚಹಾ ಬರುತ್ತದೆ. ಕುಡಿದ ಮೇಲೆ ಅದನ್ನು ಎಸೆದುಬಿಡಬೇಕು, ಇನ್ನೊಬ್ಬರು ಅದನ್ನು ಮುಟ್ಟುವಂತಿಲ್ಲ. ಮುಖ ತೊಳೆಯಬೇಕೆಂದರೆ ಅವನದೇ ಜಾತಿಯ ಆಳೊಬ್ಬ ಮೂಲೆಯಲ್ಲಿ ನೀರು ಹೊಯ್ಯಬೇಕು. ಮಧ್ಯಾಹ್ನದ ಊಟಕ್ಕೂ ಬೇರೆ ತಟ್ಟೆ, ಬೇರೆ ಮೇಜು.

ಈ ತರುಣನೇ ಪಲ್ವಂಕರ್ ಬಾಲೂ. ಭಾರತದ ಮೊದಲ ಮಹಾನ್ ಬೌಲರ್ ಎಂದು ಕ್ರಿಕೆಟ್ ಇತಿಹಾಸಕಾರರು ಗುರುತಿಸುವ ವ್ಯಕ್ತಿ. ಇವರು ಹುಟ್ಟಿದ್ದು ನಮ್ಮ ಧಾರವಾಡದಲ್ಲಿ ಎಂಬ ವಿಷಯ ನಮ್ಮಲ್ಲಿ ಹಲವರಿಗೆ ತಿಳಿದಿಲ್ಲ. ಅವರ ಜೀವನವನ್ನು ಇಲ್ಲಿ ಹೇಳುತ್ತಿರುವುದು ಆಟದ ಮೋಜಿಗಾಗಿ ಅಲ್ಲ. ಒಬ್ಬ ಮನುಷ್ಯನ ಕೈಯ ಕೆಲಸವನ್ನು ಮೆಚ್ಚಿಕೊಳ್ಳುವ ಸಮಾಜ, ಆ ಮನುಷ್ಯನನ್ನು ಮಾತ್ರ ಹೇಗೆ ಹೊರಗೆ ನಿಲ್ಲಿಸಬಲ್ಲದು ಎಂಬುದಕ್ಕೆ ಅವರ ಬದುಕು ಒಂದು ಪಾಠವಾಗಿದೆ.

ಮೂರು ರೂಪಾಯಿ ಸಂಬಳ

ಬಾಲೂರವರು 1870ರ ದಶಕದ ಮಧ್ಯಭಾಗದಲ್ಲಿ ಧಾರವಾಡದಲ್ಲಿ ಜನಿಸಿದರು. ಧಾರವಾಡವು ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅವರ ಪೂರ್ವಜರು ಕೊಂಕಣ ಕರಾವಳಿಯ ಪಲ್ವಣ ಎಂಬ ಹಳ್ಳಿಯವರು. ಪಲ್ವಂಕರ್ ಎಂಬ ಮನೆತನದ ಹೆಸರು ಬಂದಿದ್ದು ಅಲ್ಲಿಂದಲೇ. ಚರ್ಮದ ಕೆಲಸ ಮಾಡುವ ಸಮುದಾಯಕ್ಕೆ ಸೇರಿದ ಕುಟುಂಬ. ಅಂದಿನ ಜಾತಿ ವ್ಯವಸ್ಥೆಯಲ್ಲಿ ಅವರು ಅಸ್ಪೃಶ್ಯರು. ಸತ್ತ ದನದ ಚರ್ಮವನ್ನು ಹದಮಾಡಿ ಚಪ್ಪಲಿ ಹೊಲಿಯುವವನು ಮೈಲಿಗೆಯವನು, ಆ ಚಪ್ಪಲಿಯನ್ನು ಮೆಟ್ಟಿ ನಡೆಯುವವನು ಮಾತ್ರ ಮಡಿವಂತ! ಕ್ರಿಕೆಟ್ ಚೆಂಡಿಗೂ ಚರ್ಮದ್ದೇ ಹೊದಿಕೆ ಎಂಬುದನ್ನು ಅಂದು ಯಾರೂ ಯೋಚಿಸಿದಂತಿಲ್ಲ.

ತಂದೆ ಸೈನ್ಯದ ಸೇವೆಯಲ್ಲಿದ್ದ ಕಾರಣ ಕುಟುಂಬ ಪುಣೆಗೆ ಬಂದು ನೆಲೆಸಿತು. ದಂಡು ಪ್ರದೇಶದಲ್ಲಿ ಬ್ರಿಟಿಷ್ ಅಧಿಕಾರಿಗಳು ಆಡಿ ಬಿಸಾಡಿದ ಹಳೆಯ ಬ್ಯಾಟು, ಚೆಂಡುಗಳನ್ನು ಹಿಡಿದು ಬಾಲೂ ಮತ್ತು ತಮ್ಮ ಶಿವರಾಮ ಆಟ ಕಲಿತರು. ಶಾಲೆಯಲ್ಲಿ ಬಹಳ ಕಾಲ ಓದುವ ಅವಕಾಶ ಸಿಗಲಿಲ್ಲ. ಮನೆಯ ಬಡತನ ನೀಗಬೇಕಾಗಿತ್ತು. ಪಾರ್ಸಿಗಳ ಒಂದು ಕ್ರಿಕೆಟ್ ಕ್ಲಬ್ಬಿನಲ್ಲಿ ಮೈದಾನ ಗುಡಿಸುವ, ರೋಲರ್ ಎಳೆಯುವ ಕೆಲಸಕ್ಕೆ ಸೇರಿದರು. ಸಂಬಳ ತಿಂಗಳಿಗೆ ಮೂರು ರೂಪಾಯಿ.

1892ರ ಸುಮಾರಿಗೆ ಅವರು ಬಿಳಿಯರ ಪುಣೆ ಕ್ಲಬ್ಬಿಗೆ ಬಂದರು. ಸಂಬಳ ನಾಲ್ಕು ರೂಪಾಯಿಗೆ ಏರಿತು. ಬಲೆ ಕಟ್ಟುವುದು, ಅಂಕಣ ಸಮ ಮಾಡುವುದು ಅವರ ಕೆಲಸ. ಆಗಾಗ ಅಭ್ಯಾಸಕ್ಕೆ ನಿಂತ ಸಾಹೇಬರಿಗೆ ಚೆಂಡು ಹಾಕಲೂ ಕರೆಯುತ್ತಿದ್ದರು. ಅಲ್ಲಿ ಜೆ. ಜಿ. ಗ್ರೇಗ್ ಎಂಬ ಸೇನಾಧಿಕಾರಿ ಒಳ್ಳೆಯ ಬ್ಯಾಟುಗಾರರಾಗಿದ್ದರು. ಈ ಹುಡುಗನ ಕೈಚಳಕವನ್ನು ಕಂಡು, ಪ್ರತಿದಿನವೂ ಉಳಿದವರಿಗಿಂತ ಮೊದಲೇ ಬಂದು ಬಾಲೂರಿಂದ ಚೆಂಡು ಹಾಕಿಸಿಕೊಳ್ಳುತ್ತಿದ್ದರು. ತಮ್ಮನ್ನು ಔಟ್ ಮಾಡಿದಾಗಲೆಲ್ಲ ಎಂಟಾಣೆ ಬಹುಮಾನ ಕೊಡುತ್ತಿದ್ದರೆಂದು ಹೇಳುತ್ತಾರೆ. ಗ್ರೇಗ್ ಬ್ಯಾಟಿಂಗಿನಲ್ಲಿ ಪಳಗಿದಷ್ಟೇ ಬಾಲೂ ಬೌಲಿಂಗಿನಲ್ಲಿ ಪಳಗಿದರು. ಆದರೆ ನೂರಾರು ಗಂಟೆಗಳ ಕಾಲ ಚೆಂಡು ಹಾಕಿಸಿಕೊಂಡ ಆ ಕ್ಲಬ್ಬಿನಲ್ಲಿ ಅವರ ಕೈಗೆ ಒಮ್ಮೆಯಾದರೂ ಬ್ಯಾಟ್ ಕೊಡಲಿಲ್ಲ. ಬ್ಯಾಟು ಹಿಡಿಯುವುದು ದೊಡ್ಡವರ ಕೆಲಸ, ಚೆಂಡು ಹಾಕುವುದು ಆಳಿನ ಕೆಲಸ. ಇದು ಜಾತಿಯ ಅಹಂಕಾರವಲ್ಲ, ವರ್ಣದ ಮತ್ತು ಅಧಿಕಾರದ ಅಹಂಕಾರ. ಹೆಸರು ಬೇರೆಯಾದರೂ ಎರಡರ ಬೇರು ಒಂದೇ.

ತಂಡದ ಒಳಗೆ, ಪಂಕ್ತಿಯ ಹೊರಗೆ

ಪುಣೆಯ ಹಿಂದೂಗಳ ತಂಡಕ್ಕೆ ಆಗ ಬಿಳಿಯರ ತಂಡವನ್ನು ಸೋಲಿಸುವ ಹಂಬಲ. ಗ್ರೇಗ್‌ರಂಥವರನ್ನೇ ತಬ್ಬಿಬ್ಬುಗೊಳಿಸುವ ಬೌಲರ್ ತಮ್ಮ ಊರಿನಲ್ಲೇ ಇದ್ದಾನೆಂದು ಅವರಿಗೆ ತಿಳಿದಿತ್ತು. ಆದರೆ ಅವನನ್ನು ಸೇರಿಸಿಕೊಳ್ಳುವುದು ಹೇಗೆ? ಈ ಕುರಿತು ತಂಡದೊಳಗೆ ದೊಡ್ಡ ವಾದವೇ ನಡೆಯಿತು. ಕೆಲವು ತೆಲುಗು ಸದಸ್ಯರು ಬಾಲೂ ಬೇಕೆಂದರು. ಮಡಿವಂತರು ಒಪ್ಪಲಿಲ್ಲ. ಕೊನೆಗೆ ಗ್ರೇಗ್ ಅವರೇ, ಇಂತಹ ಬೌಲರನ್ನು ಬಿಟ್ಟುಕೊಡುವುದು ಮೂರ್ಖತನವೆಂದು ಬಹಿರಂಗವಾಗಿ ಹೇಳಿದರು. ಗೆಲುವಿನ ಆಸೆ ಮಡಿಯ ಭಯಕ್ಕಿಂತ ದೊಡ್ಡದಾಯಿತು. ಬಾಲೂ ತಂಡಕ್ಕೆ ಬಂದರು. ಆದರೆ ಮೈದಾನದ ಗೆರೆ ದಾಟಿದೊಡನೆ ಮತ್ತೆ ಅಸ್ಪೃಶ್ಯ. ಮೊದಲಿಗೆ ಹೇಳಿದ ಮಣ್ಣಿನ ಕುಡಿಕೆಯ ಕತೆ ಈ ದಿನಗಳದ್ದೇ.

ಆ ದಿನಗಳಲ್ಲಿ ಸಾತಾರಾದ ಬಿಳಿಯರ ಜಿಮಖಾನೆಯ ವಿರುದ್ಧ ಒಂದು ಪಂದ್ಯ ನಡೆಯಿತು. ಬಾಲೂರವರ ಸ್ಪಿನ್ ಬೌಲಿಂಗ್ ತಿರುಗದಂತೆ ಮಾಡಬೇಕೆಂದು ಆತಿಥೇಯರು ದಿನಗಟ್ಟಲೆ ರೋಲರ್ ಎಳೆಸಿ ಅಂಕಣವನ್ನು ಗಟ್ಟಿ ಮಾಡಿಸಿದ್ದರು. ಆದರೂ ಬಾಲೂ ಏಳು ವಿಕೆಟ್ ಪಡೆದು ತಂಡವನ್ನು ಗೆಲ್ಲಿಸಿದರು. ಈ ಗೆಲುವಿನ ನಂತರ, ಸಮಾಜ ಸುಧಾರಕರೂ ನ್ಯಾಯಾಧೀಶರೂ ಆಗಿದ್ದ ಮಹಾದೇವ ಗೋವಿಂದ ರಾನಡೆಯವರು ಸಭೆಯೊಂದರಲ್ಲಿ ಬಾಲೂರಿಗೆ ಹಾರ ಹಾಕಿದರು. ಒಟ್ಟಿಗೆ ಆಡಲು ಸಾಧ್ಯವಾದವರಿಗೆ ಒಟ್ಟಿಗೆ ಕುಳಿತು ಉಣ್ಣಲು ಏಕೆ ಸಾಧ್ಯವಿಲ್ಲವೆಂಬ ಅರ್ಥದ ಮಾತನ್ನು ತಂಡದವರಿಗೆ ಹೇಳಿದರೆಂದು ಬಾಲೂರವರ ಜೀವನವನ್ನು ಬರೆದವರು ದಾಖಲಿಸಿದ್ದಾರೆ.

ಇಷ್ಟು ಸರಳವಾದ ಮಾತನ್ನು ಹೇಳಲು ಒಬ್ಬ ದೊಡ್ಡ ನ್ಯಾಯಾಧೀಶರೇ ಬೇಕಾಯಿತು ಎಂಬುದು ಗಮನಾರ್ಹ. ಬಾಲೂ ತಾವಾಗಿ ಎಂದೂ ಅದನ್ನು ಕೇಳಿದಂತೆ ಕಾಣುವುದಿಲ್ಲ. ಹೊಟ್ಟೆಪಾಡಿಗಾಗಿ ದುಡಿಯುವವನು ತನ್ನ ಅವಮಾನವನ್ನು ತಾನೇ ಬಾಯಿಬಿಟ್ಟು ಹೇಳುವುದು ಸುಲಭವಲ್ಲ. ನೋಡುತ್ತಿರುವವರು ಹೇಳಬೇಕಾಗುತ್ತದೆ.

ಮುಂಬಯಿಯ ಗೆಲುವು

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪುಣೆಯಲ್ಲಿ ಪ್ಲೇಗ್ ಹರಡಿತು. ಆ ವರ್ಷಗಳಲ್ಲಿ ಬಾಲೂ ಮುಂಬಯಿಗೆ ಬಂದರು. ಸ್ವಲ್ಪ ಕಾಲ ಸೈನ್ಯದಲ್ಲಿದ್ದು, ಬಳಿಕ ರೈಲ್ವೆಯಲ್ಲಿ ಕೆಲಸ ಹಿಡಿದು, ಅದರ ತಂಡಕ್ಕಾಗಿಯೂ ಆಡಿದರು. ಮುಂಬಯಿಯ ಹಿಂದೂ ಜಿಮಖಾನೆಯಲ್ಲಿಯೂ ಮೊದಲಿಗೆ ಕೆಲವರ ವಿರೋಧವಿತ್ತು. ಅಲ್ಲಿಯೂ ಅವರ ಬೌಲಿಂಗೇ ಬಾಗಿಲು ತೆರೆಯಿತು.

ಅಂದಿನ ಮುಂಬಯಿಯ ಕ್ರಿಕೆಟ್ ಸಮುದಾಯಗಳ ಲೆಕ್ಕದಲ್ಲಿ ನಡೆಯುತ್ತಿತ್ತು. ಯುರೋಪಿಯನ್ನರದೊಂದು ತಂಡ, ಪಾರ್ಸಿಗಳದೊಂದು, ಹಿಂದೂಗಳದೊಂದು. 1912ರಿಂದ ಮುಸ್ಲಿಮರ ತಂಡವೂ ಸೇರಿ ಅದು ನಾಲ್ಕು ತಂಡಗಳ ಪಂದ್ಯಾವಳಿಯಾಯಿತು.

1906ರ ಫೆಬ್ರವರಿಯಲ್ಲಿ ಹಿಂದೂಗಳು ಮತ್ತು ಯುರೋಪಿಯನ್ನರ ನಡುವೆ ಪಂದ್ಯ ನಡೆಯಿತು. ಬಂಗಾಳದ ವಿಭಜನೆಯಾಗಿ ಕೆಲವೇ ತಿಂಗಳುಗಳಾಗಿದ್ದವು. ಸ್ವದೇಶಿ ಚಳವಳಿ ಬಿಸಿಯೇರಿತ್ತು. ಹಿಂದೂಗಳು 242 ರನ್ ಗಳಿಸಿದರು. ಯುರೋಪಿಯನ್ನರು 191ಕ್ಕೆ ಔಟಾದರು. ಎರಡನೆಯ ಸರದಿಯಲ್ಲಿ ಹಿಂದೂಗಳು 160 ಗಳಿಸಿದಾಗ ಬಿಳಿಯರ ಮುಂದೆ 212ರ ಗುರಿ ಉಳಿಯಿತು. ಬಾಲೂರವರ ಬೌಲಿಂಗ್ ಮುಂದೆ ನಿಲ್ಲಲಾಗದೆ ಅವರು 102ಕ್ಕೇ ಮುಗಿದರು. 109 ರನ್‌ಗಳ ಗೆಲುವು! ಆಳುವವರನ್ನು ಆಳಿಸಿಕೊಳ್ಳುವವರು ಅವರದೇ ಆಟದಲ್ಲಿ ಸೋಲಿಸಿದ ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಹರಡಿತು.

ಆ ಹೊತ್ತಿಗೆ ಜಿಮಖಾನೆಯಲ್ಲಿ ಬಾಲೂ ಮತ್ತು ಶಿವರಾಮ ಇತರರೊಂದಿಗೆ ಕುಳಿತು ಊಟ ಮಾಡತೊಡಗಿದ್ದರು. ಸುಧಾರಣಾವಾದಿ ಪತ್ರಿಕೆಗಳು ಪಂದ್ಯದ ಗೆಲುವಿಗಿಂತ ಇದನ್ನೇ ದೊಡ್ಡ ಗೆಲುವೆಂದು ಹೊಗಳಿದವು. ಹತ್ತು ವರ್ಷಗಳಲ್ಲಿ ಮಣ್ಣಿನ ಕುಡಿಕೆಯಿಂದ ಪಂಕ್ತಿಯೂಟದವರೆಗೆ ಬಂದದ್ದು ನಿಜಕ್ಕೂ ಸಣ್ಣ ಮಾತಲ್ಲ. ಆದರೆ ಆ ಹತ್ತು ವರ್ಷಗಳಲ್ಲಿ ಅವರು ಎಷ್ಟು ವಿಕೆಟ್ ಪಡೆಯಬೇಕಾಯಿತು! ವಿಕೆಟ್ ಪಡೆಯಲು ಬಾರದ ಅವರ ಜಾತಿಯ ಲಕ್ಷಾಂತರ ಜನರ ಗತಿಯೇನು? ಅವರಿಗೆ ಊರಿನ ಬಾವಿಯ ನೀರೂ ಇರಲಿಲ್ಲ, ಗುಡಿಯ ಬಾಗಿಲೂ ಇರಲಿಲ್ಲ.

ಇಂಗ್ಲೆಂಡಿನಲ್ಲಿ

1911ರಲ್ಲಿ ಮೊದಲ ಬಾರಿಗೆ ಅಖಿಲ ಭಾರತ ತಂಡವೊಂದು ಇಂಗ್ಲೆಂಡಿಗೆ ಹೊರಟಿತು. ಪಟಿಯಾಲದ ಮಹಾರಾಜ ಭೂಪೀಂದರ್ ಸಿಂಗ್ ನಾಯಕ. ತಂಡದಲ್ಲಿ ಪಾರ್ಸಿಗಳು, ಹಿಂದೂಗಳು, ಅಲಿಗಢದ ಕಾಲೇಜಿನಲ್ಲಿ ಆಡಿ ಬೆಳೆದ ಮುಸ್ಲಿಮ್ ಆಟಗಾರರು ಇದ್ದರು. ಬಾಲೂ ಮತ್ತು ಶಿವರಾಮ ಅವರೊಂದಿಗೆ ಹಡಗು ಹತ್ತಿದರು. ಒಂದೇ ತಂಡದಲ್ಲಿ ಅರಮನೆಯವರೂ ಚರ್ಮ ಹದಮಾಡುವ ಮನೆಯವರೂ!

ಆ ವರ್ಷ ಐದನೆಯ ಜಾರ್ಜ್ ದೊರೆಯ ಪಟ್ಟಾಭಿಷೇಕವಿದ್ದ ಕಾರಣ ಮಹಾರಾಜರಿಗೆ ಔತಣಕೂಟಗಳೇ ಮುಖ್ಯವಾದವು. ಅವರು ಆಡಿದ ಪಂದ್ಯಗಳು ಕಡಿಮೆ. 14 ಪ್ರಥಮ ದರ್ಜೆ ಪಂದ್ಯಗಳಲ್ಲಿ ತಂಡ ಗೆದ್ದಿದ್ದು ಎರಡು ಮಾತ್ರ, ಸೋತಿದ್ದು ಹತ್ತು. ಇಂತಹ ಸೋಲಿನ ಪ್ರವಾಸದಲ್ಲಿಯೂ ಬಾಲೂ ಪ್ರಥಮ ದರ್ಜೆ ಪಂದ್ಯಗಳಲ್ಲಿ 75 ವಿಕೆಟ್ ಪಡೆದರು. ಪ್ರವಾಸದ ಎಲ್ಲ ಪಂದ್ಯಗಳನ್ನು ಸೇರಿಸಿದರೆ 114. ಕೇಂಬ್ರಿಜ್ ವಿಶ್ವವಿದ್ಯಾಲಯದ ವಿರುದ್ಧ ಒಂದೇ ಸರದಿಯಲ್ಲಿ 103 ರನ್‌ಗಳಿಗೆ 8 ವಿಕೆಟ್. ಇಂಗ್ಲೆಂಡಿನ ಪ್ರಸಿದ್ಧ ಬೌಲರ್ ವಿಲ್ಫ್ರೆಡ್ ರೋಡ್ಸ್‌ಗೆ ಅವರನ್ನು ಹೋಲಿಸಲಾಯಿತು.

ಹಿಂದಿರುಗಿದಾಗ ಮುಂಬಯಿಯ ದಲಿತ ಸಮುದಾಯದವರು ಸನ್ಮಾನ ಸಭೆ ಏರ್ಪಡಿಸಿದರು. ಅದಕ್ಕಾಗಿ ಮಾನಪತ್ರ ಸಿದ್ಧಪಡಿಸಿದ ತರುಣ ಆಗ ಎಲ್ಫಿನ್‌ಸ್ಟನ್ ಕಾಲೇಜಿನ ವಿದ್ಯಾರ್ಥಿ. ಅವನ ಹೆಸರು ಭೀಮರಾವ್ ಅಂಬೇಡ್ಕರ್. ಅಸ್ಪೃಶ್ಯರೆನಿಸಿಕೊಂಡವರ ಮನೆಗಳ ಮಕ್ಕಳಿಗೆ ಬಾಲೂ ಆ ದಿನಗಳಲ್ಲಿ ಎಂತಹ ಆದರ್ಶವಾಗಿದ್ದರೆಂಬುದು ಇದರಿಂದ ತಿಳಿಯುತ್ತದೆ.

ಸಿಗದ ನಾಯಕತ್ವ

ಬಾಲೂರವರ ತಮ್ಮಂದಿರಾದ ಶಿವರಾಮ, ಗಣಪತ, ವಿಠ್ಠಲ ಮೂವರೂ ಒಳ್ಳೆಯ ಆಟಗಾರರು. 1913ರಲ್ಲಿ ನಾಲ್ವರು ಸಹೋದರರೂ ಹಿಂದೂಗಳ ತಂಡದಲ್ಲಿ ಒಟ್ಟಿಗೆ ಆಡಿದರು. ಅನುಭವದಲ್ಲಿ, ಸಾಧನೆಯಲ್ಲಿ ಬಾಲೂರವರಿಗಿಂತ ಹಿರಿಯರಿಲ್ಲ. ಆದರೂ ನಾಯಕನ ಸ್ಥಾನ ಪ್ರತಿ ಬಾರಿಯೂ ಮೇಲ್ಜಾತಿಯವರಿಗೇ ಹೋಯಿತು. ಆ ವರ್ಷ ನಾಯಕರಾದ ಎಂ. ಡಿ. ಪೈ ಅವರು ಪ್ರಾಮಾಣಿಕರು. ತಮಗೆ ಸಂದ ಈ ಗೌರವ ಬಾಲೂರಿಗೆ ಸಲ್ಲಬೇಕಾಗಿತ್ತೆಂದು ಅವರೇ ಸಭೆಯಲ್ಲಿ ಹೇಳಿದರು. ಕೇಳಿದವರು ಚಪ್ಪಾಳೆ ತಟ್ಟಿದರು, ಮರುವರ್ಷವೂ ಅದನ್ನೇ ಮಾಡಿದರು.

1920ರಲ್ಲಿ ಪೈ ಅವರು ಆಡಲಾಗದ ಸಂದರ್ಭ ಬಂದಾಗ ನಾಯಕತ್ವ ಡಿ. ಬಿ. ದೇವಧರ್ ಅವರಿಗೆ ಹೋಯಿತು. ಬಾಲೂರನ್ನು ತಂಡದಿಂದಲೇ ಕೈಬಿಡಲಾಯಿತು. ಈ ಬಾರಿ ತಮ್ಮಂದಿರು ಸುಮ್ಮನಿರಲಿಲ್ಲ. ವಿಠ್ಠಲ ಮತ್ತು ಶಿವರಾಮ ಆಡುವುದಿಲ್ಲವೆಂದು ಹಿಂದೆ ಸರಿದರು, ಕಾರಣವನ್ನು ಬಹಿರಂಗ ಪತ್ರದಲ್ಲಿ ತಿಳಿಸಿದರು. ಜಾತಿಯ ಕಾರಣದಿಂದ ಅರ್ಹರನ್ನು ದೂರವಿಡುವುದನ್ನು ಸಹಿಸಲಾಗದು ಎಂಬುದೇ ಅದರ ಸಾರ. ವಿಷಯ ಪತ್ರಿಕೆಗಳಲ್ಲಿ ಚರ್ಚೆಯಾಯಿತು. ಮುಂದಿನ ಪಂದ್ಯಕ್ಕೆ ಪೈ ಮರಳಿದರು. ಬಾಲೂರಿಗೆ ಉಪನಾಯಕನ ಸ್ಥಾನ ಸಿಕ್ಕಿತು. ಪೈ ಅವರು ಪಂದ್ಯದ ನಡುವೆ ಬೇಕೆಂದೇ ಮೈದಾನ ಬಿಟ್ಟು ಹೊರಗೆ ಹೋದರು. ಸ್ವಲ್ಪ ಹೊತ್ತಾದರೂ ಬಾಲೂ ತಂಡವನ್ನು ನಡೆಸಲಿ ಎಂಬುದು ಅವರ ಉದ್ದೇಶ. ಅದೇ ಬಾಲೂರವರ ನಾಯಕತ್ವ! ಆ ಹೊತ್ತಿಗೆ ಅವರ ವಯಸ್ಸು ನಲವತ್ತೈದರ ಆಸುಪಾಸು.

1923ರಲ್ಲಿ ವಿಠ್ಠಲರಿಗೆ ನಾಯಕತ್ವ ಸಿಕ್ಕಿತು. ಅವರ ನಾಯಕತ್ವದಲ್ಲಿ ತಂಡ ಯುರೋಪಿಯನ್ನರನ್ನು ಸೋಲಿಸಿ ಪ್ರಶಸ್ತಿ ಗೆದ್ದಿತು. ಅಣ್ಣನಿಗೆ ನಿರಾಕರಿಸಿದ್ದು ತಮ್ಮನಿಗೆ ಬಂತು. ಬಾಲೂರವರ ಒಟ್ಟು ಲೆಕ್ಕ ಇಷ್ಟು: 33 ಪ್ರಥಮ ದರ್ಜೆ ಪಂದ್ಯ, 179 ವಿಕೆಟ್, ಪ್ರತಿ ವಿಕೆಟ್ಟಿಗೆ ಕೊಟ್ಟ ರನ್ ಸರಾಸರಿ ಹದಿನೈದು ಚಿಲ್ಲರೆ.

ಪ್ರಚಾರದ ವೇದಿಕೆಯಲ್ಲಿ

ಹೆಸರಾಂತ ಆಟಗಾರನ ಹಿಂದೆ ರಾಜಕೀಯ ಬಂದೇ ಬರುತ್ತದೆ. 1932ರಲ್ಲಿ ಬ್ರಿಟಿಷ್ ಸರಕಾರ ದಲಿತರಿಗೆ ಪ್ರತ್ಯೇಕ ಮತಕ್ಷೇತ್ರ ಘೋಷಿಸಿತು. ಗಾಂಧೀಜಿ ಯರವಡಾ ಜೈಲಿನಲ್ಲಿ ಅದರ ವಿರುದ್ಧ ಉಪವಾಸ ಕುಳಿತರು. ದಲಿತರ ಹಕ್ಕಿಗಾಗಿ ಹೋರಾಡುತ್ತಿದ್ದ ಅಂಬೇಡ್ಕರ್ ಪ್ರತ್ಯೇಕ ಮತಕ್ಷೇತ್ರ ಬೇಕೆಂದರೆ, ಗಾಂಧೀಜಿಯ ಅಭಿಮಾನಿಯಾಗಿದ್ದ ಬಾಲೂ ಬೇಡವೆಂಬ ಪಕ್ಷದಲ್ಲಿದ್ದರು. ಸೆಪ್ಟೆಂಬರ್ 24ರಂದು ಆದ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅಂಬೇಡ್ಕರರೂ ಇದ್ದಾರೆ, ಬಾಲೂರವರೂ ಇದ್ದಾರೆ.

1937ರ ಚುನಾವಣೆ ಬಂತು. ಮುಂಬಯಿಯ ಮೀಸಲು ಕ್ಷೇತ್ರದಲ್ಲಿ ಅಂಬೇಡ್ಕರರ ವಿರುದ್ಧ ಕಾಂಗ್ರೆಸ್ ನಿಲ್ಲಿಸಿದ್ದು ಬಾಲೂರನ್ನು. ಅಂದು ಮಾನಪತ್ರ ಬರೆದ ತರುಣನೂ ಮಾನಪತ್ರ ಪಡೆದ ಆಟಗಾರನೂ ಎದುರಾಳಿಗಳಾದರು. ಅಂಬೇಡ್ಕರರಿಗೆ 13,245 ಮತ, ಬಾಲೂರಿಗೆ 11,225. ಬಾಲೂ ಸೋತರು. ಅವರು ತಮ್ಮ ನಂಬಿಕೆಯಿಂದಲೇ ಆ ಪಕ್ಷದಲ್ಲಿದ್ದರೆಂಬುದರಲ್ಲಿ ಸಂಶಯವಿಲ್ಲ. ಆದರೆ ಇಪ್ಪತ್ತು ವರ್ಷ ಆಡಿದರೂ ಒಂದು ತಂಡದ ನಾಯಕನಾಗಲು ಅರ್ಹನಲ್ಲವೆನಿಸಿಕೊಂಡವರು, ದಲಿತರ ಅತಿದೊಡ್ಡ ನಾಯಕನ ವಿರುದ್ಧ ಮತ ಕೇಳಲು ಮಾತ್ರ ಅರ್ಹರಾದದ್ದನ್ನು ನೋಡಿದಾಗ ಯಾರಿಗಾದರೂ ನೋವಾಗದಿರದು.

ಅದೇ ಕಾಲದಲ್ಲಿ ಪ್ರಪಂಚದ ಇನ್ನೊಂದು ತುದಿಯಲ್ಲಿ ಇಂತಹದ್ದೇ ಕತೆ ನಡೆದಿತ್ತು. 1936ರ ಬರ್ಲಿನ್ ಒಲಿಂಪಿಕ್ಸನ್ನು ಹಿಟ್ಲರನ ಸರಕಾರ ಆರ್ಯ ಜನಾಂಗದ ಶ್ರೇಷ್ಠತೆಯ ಪ್ರಚಾರಕ್ಕೆ ಬಳಸಿಕೊಂಡಿತು. ಅಲ್ಲಿ ಅಮೆರಿಕದ ಕರಿಯ ಓಟಗಾರ ಜೆಸ್ಸಿ ಓವೆನ್ಸ್ ನಾಲ್ಕು ಚಿನ್ನದ ಪದಕ ಗೆದ್ದು ಆ ಪ್ರಚಾರವನ್ನು ಮಣ್ಣುಗೂಡಿಸಿದರು. ಅಮೆರಿಕ ಹೆಮ್ಮೆಪಟ್ಟಿತು. ಆದರೆ ನ್ಯೂಯಾರ್ಕಿನ ದೊಡ್ಡ ಹೋಟೆಲಿನಲ್ಲಿ ಅವರ ಗೌರವಾರ್ಥ ನಡೆದ ಔತಣಕ್ಕೆ ಅವರೇ ಸಾಮಾನು ಸಾಗಿಸುವ ಲಿಫ್ಟಿನಲ್ಲಿ ಹೋಗಬೇಕಾಯಿತು. ಅದೇ ವರ್ಷದ ಅಧ್ಯಕ್ಷ ಚುನಾವಣೆಯಲ್ಲಿ ಅವರನ್ನೂ ಪ್ರಚಾರ ವೇದಿಕೆಗೆ ಏರಿಸಿದರು. ಪುಣೆಯ ಮಣ್ಣಿನ ಕುಡಿಕೆಗೂ ನ್ಯೂಯಾರ್ಕಿನ ಸಾಮಾನಿನ ಲಿಫ್ಟಿಗೂ ಏನು ವ್ಯತ್ಯಾಸ? ಪದಕ ನಮ್ಮದು, ಪದಕ ತಂದವನು ಹೊರಗಿನವನು. ಇಷ್ಟೇ ತಾನೆ?

ಕೊನೆಯ ದಿನಗಳು

ಸ್ವಾತಂತ್ರ್ಯ ಬಂತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. ಅದರ ಕರಡು ಸಮಿತಿಯ ಅಧ್ಯಕ್ಷರು ಅಂಬೇಡ್ಕರ್. 1955ರ ಜೂನ್ 1ರಂದು ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಜಾರಿಯಾಯಿತು. ಹೋಟೆಲಿನಲ್ಲಿ ಎಲ್ಲರಿಗಾಗಿ ಇಟ್ಟ ಪಾತ್ರೆ, ಬಟ್ಟಲುಗಳನ್ನು ಅಸ್ಪೃಶ್ಯತೆಯ ಕಾರಣಕ್ಕೆ ಒಬ್ಬನಿಗೆ ನಿರಾಕರಿಸುವುದು ಅದರಂತೆ ಶಿಕ್ಷಾರ್ಹ ಅಪರಾಧ. ಮರುತಿಂಗಳು, ಜುಲೈಯಲ್ಲಿ, ಬಾಲೂ ಮುಂಬಯಿಯಲ್ಲಿ ನಿಧನರಾದರು. ಮಣ್ಣಿನ ಕುಡಿಕೆಯಲ್ಲಿ ಚಹಾ ಕುಡಿದ ಮನುಷ್ಯ, ಅಂತಹ ಭೇದವನ್ನು ಅಪರಾಧವೆಂದು ಸಾರುವ ಕಾನೂನು ಬಂದ ಮೇಲೆಯೇ ಕಣ್ಣು ಮುಚ್ಚಿದರು.

ನಮ್ಮ ಮನೆಯ ಬಟ್ಟಲು

ಕಾನೂನು ಬಂದೊಡನೆ ಲೋಟ ಒಂದಾಗಲಿಲ್ಲ. ನಮ್ಮ ದೇವನಹಳ್ಳಿ, ಹೊಸಕೋಟೆ, ದೊಡ್ಡಬಳ್ಳಾಪುರ ಕಡೆಯ ಹಿರಿಯರನ್ನು ಕೇಳಿ ನೋಡಿ. ಹಳ್ಳಿಯ ಚಹಾದಂಗಡಿಯಲ್ಲಿ ಕೆಲವರಿಗೆ ಬೇರೆ ಲೋಟ ಇಡುತ್ತಿದ್ದುದನ್ನು ಕಣ್ಣಾರೆ ಕಂಡವರು ಸಿಗುತ್ತಾರೆ.

ಇದು ಇತರರ ತಪ್ಪು, ನಮಗೆ ಸಂಬಂಧವಿಲ್ಲ ಎಂದು ನಾವು ನೆಮ್ಮದಿಪಡುವಂತಿಲ್ಲ. ಮಸೀದಿಯಲ್ಲಿ ನಾವು ಹೆಗಲಿಗೆ ಹೆಗಲು ಕೊಟ್ಟು ನಿಲ್ಲುತ್ತೇವೆ. ಪ್ರವಾದಿವರ್ಯರ(ಸ) ವಿದಾಯ ಹಜ್ಜ್‌ನ ಉಪದೇಶವನ್ನು ಎಷ್ಟೋ ಬಾರಿ ಕೇಳಿದ್ದೇವೆ. ಆದರೆ ಮನೆಗೆ ಬಂದ ಮೇಲೆ? ಅಂಗಳ ಗುಡಿಸಲು, ಪಾತ್ರೆ ತೊಳೆಯಲು, ಚರಂಡಿ ಬಿಡಿಸಲು ಬಂದವರಿಗೆ ಚಹಾ ಕೊಡುವಾಗ ನಮ್ಮ ಕೈ ಯಾವ ಬಟ್ಟಲಿನತ್ತ ಹೋಗುತ್ತದೆ? ಅಡುಗೆ ಮನೆಯ ಮೂಲೆಯಲ್ಲಿ ಅಂಚು ಒಡೆದ ಲೋಟವೊಂದು ಅವರಿಗೆಂದೇ ಇದೆಯೇ? ಮದುವೆಯ ಮಾತು ಬಂದಾಗ ಹುಡುಗನ ನಡತೆಗಿಂತ ಮೊದಲು ಅವನ ಮನೆತನದ ಕಸುಬನ್ನು ವಿಚಾರಿಸುತ್ತೇವೆಯೇ? ನಮ್ಮ ಮಕ್ಕಳು ಇದನ್ನೆಲ್ಲ ನೋಡುತ್ತಿರುತ್ತಾರೆ. ಉಪದೇಶದಿಂದ ಕಲಿಯುವುದಕ್ಕಿಂತ ಹೆಚ್ಚಾಗಿ ಅವರು ಈ ಲೋಟದಿಂದ ಕಲಿಯುತ್ತಾರೆ.

ಬಾಲೂರವರ ವಿಕೆಟ್‌ಗಳನ್ನು ಎಣಿಸಿ ಹೆಮ್ಮೆಪಡುವುದು ಸುಲಭ. ಒಬ್ಬ ಮನುಷ್ಯ ತನ್ನ ಗೌರವಕ್ಕಾಗಿ 179 ವಿಕೆಟ್ ಪಡೆಯಬೇಕಾಗಿರಲಿಲ್ಲ, ಅವನು ಮನುಷ್ಯನಾಗಿದ್ದುದೇ ಅದಕ್ಕೆ ಸಾಕಾಗಿತ್ತು ಎಂಬುದನ್ನು ಒಪ್ಪಿಕೊಳ್ಳುವುದು ಕಷ್ಟ. ಈ ಲೇಖನವನ್ನು ಓದಿ ಮುಗಿಸಿದವರು ಇಂದೇ ತಮ್ಮ ಅಡುಗೆ ಮನೆಯ ಆ ಮೂಲೆಯನ್ನು ಒಮ್ಮೆ ನೋಡಲಿ. ಅಲ್ಲಿ ಬೇರೆ ಲೋಟವಿದ್ದರೆ ಅದನ್ನು ತೆಗೆದುಬಿಡಲಿ. ನಾಳೆ ಕೆಲಸದವರು ಬಂದಾಗ ತಾವು ಕುಡಿಯುವ ಬಟ್ಟಲಿನಲ್ಲಿಯೇ ಚಹಾ ಹಾಕಿ, ಒಳಗೆ ಕರೆದು ಕೂರಿಸಿ ಕೊಡಲಿ.